ಬುಡಮೇಲಾದ ಸಾಲು

ಮನೆ, ಷೆಡ್ಡಿನ ಪಕ್ಕದ ಕೋಣೆ
ಏಪ್ರಿಲ್ ೧೧, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಮೊದಲು ನಿನ್ನ ಕೆಮ್ಮು ಹೇಗಿದೆ ಹೇಳು. ಹೋದ ಸಲ ಫೋನಿನಲ್ಲಿ ಎರಡು ಮಾತಿಗೊಮ್ಮೆ ಕೆಮ್ಮುತ್ತಿದ್ದೆ. ಕೇಳಿದರೆ "ಏನಿಲ್ಲ ಅಕ್ಕಾ, ಬರೀ ಧೂಳು" ಅಂದೆ. ಅಜ್ಜನೂ ಬರೀ ಧೂಳು, ಬರೀ ಧೂಳು ಅನ್ನುತ್ತಲೇ ಹಾಸಿಗೆ ಹಿಡಿದವರು, ನೆನಪಿರಲಿ. ನಿಮ್ಮ ಹೋಟೆಲ್ ಕಟ್ಟುವವರು ಕೊಟ್ಟ ಮಾಸ್ಕನ್ನು ಸರದ ಹಾಗೆ ಕುತ್ತಿಗೆಗೆ ಹಾಕಿಕೊಳ್ಳದೆ ಮೂಗಿಗೆ ಹಾಕಿಕೋ. ನನ್ನ ಮಂಡಿ ಮೆಟ್ಟಿಲು ಇಳಿಯುವಾಗ ಮಾತ್ರ ನೋಯುತ್ತದೆ, ಹತ್ತುವಾಗ ಇಲ್ಲ. ಹಾಗಾಗಿ ಎಲ್ಲ ಕಚೇರಿಗಳ ಮೆಟ್ಟಿಲನ್ನೂ ಹತ್ತುತ್ತಿದ್ದೇನೆ. ಇಳಿಯುವ ಹೊತ್ತಿಗೆ ಮೈಯೆಲ್ಲ ಸಿಟ್ಟು ತುಂಬಿರುವುದರಿಂದ ನೋವು ಗೊತ್ತಾಗುವುದಿಲ್ಲ. ಅಪ್ಪ ಚೆನ್ನಾಗಿದ್ದಾರೆ. ಊಟಕ್ಕೆ ಉಪ್ಪು ಕಡಿಮೆಯಾಯಿತು ಎಂದು ದಿನಾ ಬೈಯುತ್ತಾರೆ, ಅಂದರೆ ಚೆನ್ನಾಗಿದ್ದಾರೆ. ಎಡಗೈ ಮಾತ್ರ ಸ್ವಲ್ಪ ನಡುಗುತ್ತದೆ. ಉಳಿ ಹಿಡಿಯುವ ಕೈ ಅದು.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ಅಪ್ಪನ ಹೆಸರು ಬಂದ ಕೂಡಲೇ ನಿನ್ನ ಫೋನಿನ ಸಿಗ್ನಲ್ ಹೋಗಿಬಿಡುತ್ತದೆ. ಕಾಗದಕ್ಕೆ ಆ ರೋಗವಿಲ್ಲ. ಅಲ್ಲದೆ ಈ ಸಲ ಹೇಳಬೇಕಾದದ್ದು ಉದ್ದ ಇದೆ, ಅಡ್ಡಮಾತು ಬೇಡ.

ಸಮಾಧಿ ತೋಟದ ಹಿಂದಿನ ಗೋಡೆ ಕೊನೆಗೂ ಬಿದ್ದಿತು. ಬೀಳುತ್ತದೆ ಎಂದು ನಾನು ಪುರಸಭೆಗೆ ಬರೆಯುತ್ತಲೇ ಬಂದಿದ್ದೆ. ಗೋಡೆ ಹೊಟ್ಟೆ ಉಬ್ಬಿಸಿಕೊಂಡು ನಿಂತದ್ದು ದಾರಿಹೋಕರಿಗೆಲ್ಲ ಕಾಣುತ್ತಿತ್ತು, ಆ ಕಚೇರಿಯವರಿಗೆ ಬಿಟ್ಟು. ಅಲ್ಲಿ ನನಗೆ 'ಅರ್ಜಿ ಟೀಚರ್' ಎಂದು ಹೆಸರು. ನಾನು ಬಾಗಿಲಲ್ಲಿ ಕಂಡರೆ ಗುಮಾಸ್ತರು ಊಟಕ್ಕೆ ಏಳುತ್ತಾರೆ, ಬೆಳಗಿನ ಹತ್ತು ಗಂಟೆಯಾಗಿದ್ದರೂ. ಏಳಲಿ. ನಾನು ಮರೆಯುವವಳಲ್ಲ. ವಾಚನಾಲಯದ ಕಿಟಕಿ ಮುಚ್ಚಿ ಅಲ್ಲಿ ತೆರಿಗೆ ಕೌಂಟರ್ ಮಾಡಿದವರು ಇವರೇ. ಚೌಕದ ಕಲ್ಲಿನ ಕಾರಂಜಿಯನ್ನು ಬಿಚ್ಚಿ "ತೊಳೆದು ಮತ್ತೆ ಜೋಡಿಸ್ತೀವಿ" ಎಂದು ಒಯ್ದವರೂ ಇವರೇ. ಅದರ ಆಮೆಗಳಲ್ಲಿ ಒಂದು ಈಗ ಹಳೆಯ ಅಧ್ಯಕ್ಷರ ಕೈತೋಟದಲ್ಲಿದೆ, ಬೇಲಿಯ ಸಂದಿಯಿಂದ ನಾನೇ ನೋಡಿದ್ದೇನೆ. ಇಂಥವರು ಸತ್ತವರ ಕಲ್ಲನ್ನು ಮುಟ್ಟುತ್ತಾರೆಂದರೆ ನನಗೆ ಹೇಗೆ ನಿದ್ದೆ ಬರಬೇಕು?

ಗೋಡೆಗೆ ಹೊಸ ಪಾಯ ತೆಗೆಯಬೇಕಾದರೆ ಅದರ ಪಕ್ಕದ ಸಾಲಿನ ಕಲ್ಲುಗಳನ್ನು ಕಿತ್ತು, ಕೆಲಸ ಮುಗಿದ ಮೇಲೆ ಮತ್ತೆ ಅದೇ ಜಾಗದಲ್ಲಿ ನೆಡಬೇಕು ಎಂದರು. ಗೋರಿಗಳನ್ನು ಮುಟ್ಟುವುದಿಲ್ಲ, ಕಲ್ಲು ಮಾತ್ರ. ಆ ಸಾಲು ಯಾವುದೆಂದು ನಿನಗೆ ಗೊತ್ತು. ನಾನು ಹೊಸ ಎಂಜಿನಿಯರ್ ಹತ್ತಿರ ಹೋದೆ. ಕೆಟ್ಟವನಲ್ಲ, ಮಾತಿಗೆ ಮೊದಲು ನಗುವ ಜಾತಿ. ಕೀಳುವಾಗಲೂ ನೆಡುವಾಗಲೂ ಅಪ್ಪ ಎದುರಿಗಿರಬೇಕು, ಆ ಕಲ್ಲುಗಳನ್ನು ಮಾಡಿದವರು ಅವರೇ ಎಂದೆ. "ಟೀಚರ್, ವಯಸ್ಸಾದವರಿಗೆ ಯಾಕೆ ಬಿಸಿಲಲ್ಲಿ ತೊಂದ್ರೆ? ನಮ್ಮ ಮೇಸ್ತ್ರಿಗೆ ಬೇಕಾದಷ್ಟು ಅನುಭವ ಇದೆ" ಅಂದ. ಯಾವುದರಲ್ಲಿ ಅನುಭವ ಎಂದು ಕೇಳಿದೆ. "ಫುಟ್‌ಪಾತ್‌ನಲ್ಲಿ" ಅಂದ.

ಗೋಡೆ ಏಳುವವರೆಗೆ ತೋಟಕ್ಕೆ ಬೀಗ ಹಾಕಿದ್ದರು. ನೆಟ್ಟು ಮುಗಿಸಿದ ಮರುದಿನ ಬೆಳಿಗ್ಗೆ ನಾನಿನ್ನೂ ಹಲ್ಲುಜ್ಜುತ್ತಿದ್ದೆ. ಬೇಕರಿಯವನ ಹೆಂಡತಿ ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಓಡಿಬಂದಳು. "ಟೀಚರಮ್ಮಾ, ಬೇಗ ಬನ್ನಿ. ನಮ್ಮತ್ತೆ ತಲೆಕೆಳಗಾಗಿ ನಿಂತಿದ್ದಾರೆ." ಅವಳ ಅತ್ತೆ ಹೋಗಿ ಎಷ್ಟೋ ಕಾಲವಾಯಿತು. ಇವಳಿಗೆ ಓವನ್ನಿನ ಬಿಸಿ ತಲೆಗೇರಿದೆ ಎಂದುಕೊಂಡು ಬಾಯಿ ಮುಕ್ಕಳಿಸಿ ಹೊರಟೆ. ಅಲ್ಲಿ ನೋಡಿದರೆ ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಹೆಚ್ಚುಕಡಿಮೆ ಸಾಲಿಗೆ ಸಾಲೇ ತಲೆಕೆಳಗು. ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ ಎಲ್ಲ ಮಣ್ಣಿನೊಳಗೆ. ಮಣ್ಣಿನಲ್ಲಿರಬೇಕಾದ ಬುಡ ಬಿಸಿಲಿನಲ್ಲಿ.

ಮೇಸ್ತ್ರಿ ಅಲ್ಲೇ ಚಹಾ ಕುಡಿಯುತ್ತಿದ್ದ. ಬೇರೆ ಊರಿನವನು, ಅವನ ಜನರಿಗೆ ನಮ್ಮ ಅಕ್ಷರವೂ ಬಾರದು. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಮೂವತ್ತು ವರ್ಷ ಮಕ್ಕಳಿಗೆ ಬೈದ ಬಾಯಿ, ಏನು ಕಡಿಮೆ? ಅವನು ಲೋಟ ಕೆಳಗಿಟ್ಟು, ಪೂರ್ತಿ ಕೇಳಿಸಿಕೊಂಡು, ಆಮೇಲೆ ಹೇಳಿದ: "ಅಮ್ಮಾ, ಸಿಟ್ಟು ಮಾಡ್ಕೋಬೇಡಿ. ಒಂದು ಕಡೆ ಪಾಚಿ ಹಿಡಿದು ಏನೋ ಗೀರು ಗೀರಾಗಿದೆ. ಇನ್ನೊಂದು ಕಡೆ ನಿನ್ನೆ ಕೆತ್ತಿದ ಹಾಗೆ ಚೆಂದದ ಕೆಲಸ. ಚೆಂದ ಇರೋದು ತಾನೇ ಮೇಲೆ ಬರ್ಬೇಕು? ಇಷ್ಟು ಚೆನ್ನಾಗಿ ಕೆತ್ತಿ ಮಣ್ಣಲ್ಲಿ ಹೂತಿಡೋ ಹುಚ್ಚರು ಎಲ್ಲಾದ್ರೂ ಇರ್ತಾರಾ?" ಇದ್ದಾರಪ್ಪಾ, ಎಂದೆ. ನಮ್ಮ ಮನೆಯಲ್ಲೇ ಇದ್ದಾರೆ.

ನಮ್ಮ ಷೆಡ್ಡಿನ ಪದ್ಧತಿಯನ್ನು ನಿನಗೆ ನಾನು ಹೇಳಬೇಕಾಗಿಲ್ಲ. ಆದರೂ ಆವತ್ತಿನಿಂದ ಊರಿಗೆಲ್ಲ ಅದನ್ನೇ ಹೇಳಿ ಹೇಳಿ ನಾಲಿಗೆಗೆ ರೂಢಿಯಾಗಿಬಿಟ್ಟಿದೆ. ಮುತ್ತಜ್ಜನ ಕಾಲದಿಂದ ಬಂದದ್ದು: ಕಲ್ಲಿನ ಮೇಲ್ಭಾಗದಲ್ಲಿ ಹೆಸರು, ವರ್ಷ, ಅಷ್ಟೇ; ಒಂದು ಎಲೆಯ ಅಲಂಕಾರವೂ ಇಲ್ಲ. ನೆಲದೊಳಗೆ ಹೋಗುವ ಬುಡದಲ್ಲಿ ಮಾತ್ರ ಸತ್ತವರಿಗೆಂದೇ ಒಂದು ಕೆತ್ತನೆ. ಮನೆಯವರಿಗೂ ಹೇಳುವುದಿಲ್ಲ. ಹೇಳಿದರೆ ಅದು ವ್ಯಾಪಾರವಾಗುತ್ತದೆ ಎಂದು ಅಜ್ಜ. ಹೆಸರು ಕೆತ್ತುವವನು ಯಜಮಾನ, ಬುಡ ಕೆತ್ತುವವನು ಕಲಿಯುವವನು. ಕಲಿಯುವವನ ತಪ್ಪನ್ನು ಮಣ್ಣು ಮುಚ್ಚುತ್ತದೆ. ಅಜ್ಜನ ಕೈಕೆಳಗೆ ಅಪ್ಪ ಬುಡ ಕೆತ್ತಿದರು, ಅಪ್ಪನ ಕೈಕೆಳಗೆ ನೀನು. ಅಪ್ಪನಿಗೆ ಆ ಕೆಲಸ ಬೇಗ ತಪ್ಪಿತು, ಅಜ್ಜ ಕೆಮ್ಮಿ ಮಲಗಿದ್ದರಿಂದ. ನಿನಗೆ ತಪ್ಪಲೇ ಇಲ್ಲ. ಮೀಸೆ ಮೂಡಿತು, ಮೀಸೆ ದಪ್ಪವಾಯಿತು, ಆದರೂ ಅಪ್ಪ ನಿನಗೆ ಒಂದು ಅಕ್ಷರ ಬಿಟ್ಟುಕೊಡಲಿಲ್ಲ. ನೀನು ಕಲಿಯುವವನಾಗಿ ಉಳಿದಿರಲಿಲ್ಲ ಎಂಬುದು ನನಗೇ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲವೇ ಎಂದು ಎಷ್ಟೋ ಸಲ ಕುದಿದಿದ್ದೇನೆ. ಹೊರಡುವ ದಿನ ನೀನು ಹೇಳಿದ್ದು ಈಗಲೂ ಕಿವಿಯಲ್ಲಿದೆ: "ನಾನು ಕೆತ್ತಿದ್ದನ್ನೆಲ್ಲ ಮಣ್ಣು ತಿಂತು ಅಕ್ಕಾ. ಇನ್ನು ನಾಲ್ಕು ಜನ ನೋಡೋದನ್ನ ಕೆತ್ತುತ್ತೀನಿ."

ತಿಂದಿಲ್ಲ ಕಣೋ. ಅದನ್ನು ಹೇಳುವುದಕ್ಕೇ ಈ ಕಾಗದ. ಮಣ್ಣು ಅದನ್ನು ಬೀರುವಿನಲ್ಲಿಟ್ಟ ಬಟ್ಟೆಯ ಹಾಗೆ ಕಾಪಾಡಿದೆ. ಉಳಿಯ ಏಟು ಒಂದೊಂದೂ ಎಣಿಸಬಹುದು. ಅಪ್ಪನ ಅಕ್ಷರಗಳು ಬಿಸಿಲು, ಮಳೆ, ಪಾಚಿ, ಹಕ್ಕಿಗಳ ಹಿಕ್ಕೆ ಎಲ್ಲಕ್ಕೂ ಸಿಕ್ಕಿ ಅರ್ಧಕ್ಕರ್ಧ ಸವೆದಿವೆ. ನಿನ್ನವು ಹಾಗೇ ಇವೆ. ಇನ್ನೊಂದು ತಮಾಷೆ ಕೇಳು. ನೀನು ಹೋದ ಮೇಲೆ ಅಪ್ಪ ಬುಡಕ್ಕೆ ಏನೂ ಕೆತ್ತಲಿಲ್ಲ, ಬರೀ ಒರಟು ಏಟು ಹಾಕಿ ಬಿಟ್ಟಿದ್ದಾರೆ. ಹಾಗಾಗಿ ಆ ಕಲ್ಲುಗಳನ್ನು ಮೇಸ್ತ್ರಿ ಸರಿಯಾಗಿಯೇ ನೆಟ್ಟಿದ್ದಾನೆ. ನಿನ್ನ ಕಾಲದಲ್ಲಿ ಸತ್ತವರೆಲ್ಲ ತಲೆಕೆಳಗು; ನೀನು ಹೋದ ಮೇಲೆ ಸತ್ತವರು ನೆಟ್ಟಗೆ.

ಬೇಕರಿಯವಳ ಅತ್ತೆಗೆ ನೀನು ಒಂದು ರೊಟ್ಟಿ ಕೆತ್ತಿದ್ದೀಯ, ಮೇಲೆ ಚಾಕುವಿನಿಂದ ಎಳೆದ ಗೆರೆ, ಅಂಚಿನಲ್ಲಿ ಇಣುಕುವ ಒಂದು ಇಲಿ. ಆ ಮುದುಕಿ ಹುಲಿಗೂ ಹೆದರುತ್ತಿರಲಿಲ್ಲ, ಇಲಿ ಕಂಡರೆ ಮೇಜು ಹತ್ತುತ್ತಿತ್ತು. ಸೊಸೆ ನೋಡಿ ನೋಡಿ ನಕ್ಕಳು, ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಗಡಿಯಾರ ರಿಪೇರಿಯವರಿಗೆ ಬೆನ್ನು ತೆರೆದ ಕೈಗಡಿಯಾರ, ಒಳಗೆ ಹಲ್ಲಿನ ಚಕ್ರಗಳು, ಅಷ್ಟು ಸಣ್ಣವನ್ನು ಹೇಗೆ ಕೆತ್ತಿದೆಯೋ. ಅಂಚೆಯಣ್ಣನಿಗೆ ಸೈಕಲ್ಲು, ಅವರ ಹಿಂದೆ ಜೀವಮಾನವಿಡೀ ಓಡಿದ ಆ ಕುಂಟು ನಾಯಿಯೂ ಇದೆ, ಈ ಸಲ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತಿದೆ. ಸೂಲಗಿತ್ತಿಗೆ ಬರೀ ಪುಟ್ಟ ಪುಟ್ಟ ಅಂಗಾಲುಗಳು, ಕಲ್ಲಿನ ಸುತ್ತಲೂ. ನಗುವೆಂಬುದನ್ನೇ ಕಾಣದ ನಮ್ಮ ಹೆಡ್ಮಾಸ್ಟರಿಗೆ ನೀರಿನ ಲೋಟದಲ್ಲಿ ನಗುತ್ತಿರುವ ಕಟ್ಟಿಸಿದ ಹಲ್ಲು. ಅದನ್ನು ಸೆರಗಿನಿಂದ ಮುಚ್ಚಲು ಹೋದೆ, ಅಷ್ಟರಲ್ಲಿ ಅವರ ಮಗಳು ಬಂದಳು. ಅವಳು ಬಗ್ಗಿ ನೋಡಿದಳು. "ನಮ್ಮಪ್ಪ ಹಲ್ಲು ತೆಗೆದಿಟ್ಟ ಮೇಲೇನೇ ನಗ್ತಿದ್ದಿದ್ದು, ಇವರಿಗೆ ಹೇಗೆ ಗೊತ್ತಾಯ್ತು?" ಎಂದಳು. ನಿನಗೆ ಹೇಗೆ ಗೊತ್ತಾಯಿತೋ?

ಜನ ಬಂದರು. ಸಂಜೆ ಹೊತ್ತಿಗೆ ತೋಟ ತುಂಬಿತ್ತು. ಕಲ್ಲಿನ ಮುಂದೆ ತಲೆತಗ್ಗಿಸಿ ನಿಂತು ಹೋಗುತ್ತಿದ್ದವರು ಈಗ ನೆಲಕ್ಕೆ ಕೂತು ಕತೆ ಹೇಳುತ್ತಿದ್ದರು. ನೆಟ್ಟಗೆ ನಿಂತ ಕಲ್ಲಿನವರಿಗೆ ಮಾತ್ರ ಹೊಟ್ಟೆಯುರಿ. ಔಷಧಿ ಅಂಗಡಿಯವನು ನನ್ನನ್ನು ತಡೆದು "ನಮ್ಮಮ್ಮ ಏನು ಪಾಪ ಮಾಡಿದ್ರು, ಅವರಿಗೆ ಯಾಕೆ ಏನೂ ಇಲ್ಲ?" ಎಂದು ಕೇಳಿದ. ಕೆತ್ತುವವನು ಊರು ಬಿಟ್ಟಿದ್ದ ಎಂದೆ. "ಯಾಕೆ ಬಿಟ್ಟ?" ಎಂದ. ನಾನು ಮಂಡಿಗೆ ಹಚ್ಚುವ ಎಣ್ಣೆಯ ಬೆಲೆ ಕೇಳಿದೆ.

ನಿನಗೆ ಆ ದಪ್ಪ ಪುಸ್ತಕ ನೆನಪಿದೆಯಾ, ಶಾಲೆಯ ಲೈಬ್ರರಿಯಿಂದ ನಾನು ಹೊತ್ತು ತರುತ್ತಿದ್ದದ್ದು, ಲೋಕದ ಗೋರಿಗಳ ಚಿತ್ರಗಳಿದ್ದದ್ದು? ನೀನು ಕೆತ್ತುತ್ತಿದ್ದೆ, ನಾನು ಕಲ್ಲಿನ ಅಟ್ಟಿಯ ಮೇಲೆ ಕೂತು ಓದುತ್ತಿದ್ದೆ. ತಾಜಮಹಲಿನಲ್ಲಿ ಜನ ನೋಡುವ ಮೇಲಿನ ಗೋರಿಗಳು ಖಾಲಿ, ನಿಜವಾದವು ಕೆಳಗಿನ ಕೋಣೆಯಲ್ಲಿವೆ ಎಂದು ಓದಿದಾಗ ಸುತ್ತಿಗೆ ನಿಲ್ಲಿಸಿ "ಹಾಗಾದ್ರೆ ಎಲ್ರೂ ಖಾಲಿ ಪೆಟ್ಟಿಗೆ ಮುಂದೆ ನಿಟ್ಟುಸಿರು ಬಿಡ್ತಾರಾ?" ಅಂದಿದ್ದೆ. ಘಾನಾದ ಬಡಗಿಗಳ ಶವಪೆಟ್ಟಿಗೆಗಳು ನಿನಗೆ ಎಲ್ಲಕ್ಕಿಂತ ಇಷ್ಟ: ಮೀನುಗಾರನಿಗೆ ಮೀನಿನ ಆಕಾರದ್ದು, ಕೋಕೋ ಬೆಳೆಯುವವನಿಗೆ ಕೋಕೋ ಕಾಯಿಯದ್ದು, ವಾರಗಟ್ಟಲೆ ಉಜ್ಜಿ ಬಣ್ಣ ಬಳಿದದ್ದು, ಮೆರವಣಿಗೆ ಮುಗಿದರೆ ಮಣ್ಣಿಗೆ. ಬಡಗಿ ಮರುದಿನ ಇನ್ನೊಂದಕ್ಕೆ ಮರ ಕೊಯ್ಯುತ್ತಾನೆ. "ಅವನ ಜೊತೆ ಒಂದು ದಿನ ಕೂತು ಮಾತಾಡ್ಬೇಕು ಅಕ್ಕಾ, ಅವನಿಗೆ ಸಿಟ್ಟು ಬರಲ್ವಾ ಅಂತ ಕೇಳ್ಬೇಕು" ಅಂದಿದ್ದೆ. ಚೀನಾದ ಚಕ್ರವರ್ತಿಯ ಮಣ್ಣಿನ ಸೈನಿಕರ ಮೈಮೇಲೆ ಅವರನ್ನು ಮಾಡಿಸಿದ ಮೇಸ್ತ್ರಿಗಳ ಹೆಸರಿನ ಗುರುತಿದೆ ಎಂದಾಗ ಬುಡ ಮಾಡುವವನಿಗೆ ಅದೂ ಇಲ್ಲ ಎಂದು ನಿನ್ನ ಮುಖ ಹೇಳಿತು. ರಾಜರ ಗೋರಿ ಕೊರೆಯುತ್ತಿದ್ದ ಈಜಿಪ್ಟಿನ ಕೆಲಸಗಾರರು ಬಿಡುವು ಸಿಕ್ಕಾಗ ತಮಗೂ ಗೋರಿ ಕೊರೆದುಕೊಂಡು ಗೋಡೆ ತುಂಬ ಬಣ್ಣ ಬರೆದುಕೊಂಡರು. ಬಾಗಿಲು ಮುಚ್ಚುವ ಕತ್ತಲೆಗೆ ಅಷ್ಟು ಬಣ್ಣ. ಸಾವಿರಾರು ವರ್ಷಗಳ ಮೇಲೆ ತೆರೆದರೆ ಹಳದಿ ಇನ್ನೂ ಹಳದಿಯೇ.

ಆ ಪುಸ್ತಕದ ಎಲ್ಲಕ್ಕಿಂತ ಮೊನ್ನೆ ನನಗೆ ನೆನಪಾದದ್ದು ಐರ್ಲೆಂಡಿನ ಗೋರಿಗುಡ್ಡ. ಅದು ಐದು ಸಾವಿರ ವರ್ಷ ಹಳೆಯದು. ಸುತ್ತ ನಿಲ್ಲಿಸಿದ ದೊಡ್ಡ ಕಲ್ಲುಗಳ ಮೇಲೆ ಸುರುಳಿ ಸುರುಳಿ ಕೆತ್ತನೆ. ಅಗೆದು ನೋಡಿದವರು ಕೆಲವು ಕಲ್ಲುಗಳ ಹಿಂದೆ ಬಗ್ಗಿದರೆ ಗುಡ್ಡದ ಮಣ್ಣಿಗೆ ಮುಖಮಾಡಿದ ಕಡೆಯೂ ಸುರುಳಿಗಳು. ಕಟ್ಟಿದ ದಿನದಿಂದ ಯಾರೂ ಕಾಣದಿದ್ದವು. ವಿದ್ವಾಂಸರು ಯಾಕೆ, ಯಾಕೆ ಎಂದು ಇನ್ನೂ ತಲೆ ಕೆಡಿಸಿಕೊಂಡಿದ್ದಾರೆ. ಮೊನ್ನೆ ನಮ್ಮ ಸಾಲಿನ ಮುಂದೆ ನಿಂತಾಗ ನನಗೆ ಆ ಕಲ್ಲು ಕೆತ್ತಿದವನ ಮೇಲೆ ಎಂಥದೋ ಪ್ರೀತಿ ಉಕ್ಕಿತು. ಅವನಿಗೂ ಒಬ್ಬ ಅಪ್ಪ ಇದ್ದಿರಬೇಕು, ಮುಂದಿನ ಕಡೆ ಕೆತ್ತಲು ಬಿಡದವನು.

ಅಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳಲ್ಲ, ಕೈಯಲ್ಲಿ ಯಾರದೋ ರವಿಕೆ ಹಿಡಿದುಕೊಂಡು. ಪೆರುವಿನ ಮರಳುಗಾಡಿನಲ್ಲಿ ಸತ್ತವರಿಗೆ ಸುತ್ತಿ ಹೂಳುತ್ತಿದ್ದ ಕಸೂತಿ ಬಟ್ಟೆಗಳ ಚಿತ್ರ ತೋರಿಸಿದೆ ಅವಳಿಗೆ. ಪುಟವನ್ನು ಮೂಗಿಗೆ ತಾಗಿಸಿ ನೋಡಿದಳು. "ಇಷ್ಟು ಹೊಲಿದು ಹೂತುಬಿಟ್ರಾ? ಪಾಪ. ಅವರ ಕಣ್ಣು ಎಷ್ಟು ಚೆನ್ನಾಗಿತ್ತೋ" ಅಂದಳು. ಆಗಲೇ ಅವಳ ಕಣ್ಣು ಸೋತಿತ್ತು. ದಿನಕ್ಕೆ ಎಷ್ಟೋ ಸಲ "ಪುಟ್ಟಾ, ದಾರ ಪೋಣಿಸಿ ಕೊಟ್ಟು ಹೋಗೋ" ಎಂದು ಕರೆಯುತ್ತಿದ್ದಳು. ನೀನು ಉಳಿ ಕೆಳಗಿಟ್ಟು, ಕೈಯ ಧೂಳನ್ನು ಚಡ್ಡಿಗೆ ಒರೆಸಿಕೊಂಡು ಹೋಗುತ್ತಿದ್ದೆ. ದಾರ ಚಿಕ್ಕದಾಗಿ ಹಾಕಿದರೆ ಬೇಗ ಮುಗಿದು ಮತ್ತೆ ಕರೆಯುತ್ತಾಳೆಂದು ಉದ್ದ ಹಾಕುತ್ತಿದ್ದೆ, ಉದ್ದ ಹಾಕಿದರೆ ಸಿಕ್ಕಾಗುತ್ತದೆಂದು ಅವಳು ಬೈಯುತ್ತಿದ್ದಳು.

ಸಾಲಿನಲ್ಲಿ ತಲೆಕೆಳಗಾದವರಲ್ಲಿ ಕೊನೆಯವಳು ಅಮ್ಮ. ಅವಳ ಬುಡದಲ್ಲಿ ಏನಿದೆ ಎಂದು ನಾನು ಆವತ್ತಿನವರೆಗೂ ನೋಡಿರಲಿಲ್ಲ. ಆಗ ಅವಳ ಕಲ್ಲು ನೆಟ್ಟ ದಿನ ನಾನು ಮನೆಯಲ್ಲಿ ಬಂದವರಿಗೆ ನೀರು ಕೊಡುತ್ತಿದ್ದೆ. ಷೆಡ್ಡಿನಲ್ಲಿ ನೀವಿಬ್ಬರೇ ಇದ್ದಿರಿ. ಮೊನ್ನೆ ನೋಡಿದೆ. ಒಂದು ಸೂಜಿ. ಕಣ್ಣಿಗೆ ದಾರ ಪೋಣಿಸಿಯೇ ಇದೆ. ಆ ದಾರ ಕಲ್ಲಿನ ಮುಂದೆ ಬಳುಕಿ, ಮಗ್ಗುಲಿಗೆ ಹೊರಳಿ, ಹಿಂದೆ ಹೋಗಿ, ಸುತ್ತಿ ಬಂದು, ಇನ್ನೊಂದು ಸುತ್ತು ಹಾಕಿ ಹೋಗುತ್ತದೆ. ಬೆರಳಿಟ್ಟು ಹಿಡಿದುಕೊಂಡು ಹೋದೆ, ಮಂಡಿಯ ಮೇಲೆ ತೆವಳಿಕೊಂಡು, ಈ ವಯಸ್ಸಿನಲ್ಲಿ, ಅಷ್ಟು ಜನರ ಮುಂದೆ. ಎಲ್ಲೂ ಗಂಟಿಲ್ಲ. ಅವಳು ಇನ್ನು ಯಾರನ್ನೂ ಕರೆಯಬೇಕಾಗಿಲ್ಲ.

ಇದನ್ನು ನೋಡಿ ಅಪ್ಪ ಆವತ್ತು ಏನಂದರೆಂದು ನೀನು ಹೇಳಿದ್ದೆ. "ದಾರ ದಪ್ಪ ಆಯ್ತು." ಹೆಂಡತಿಯನ್ನು ಮಣ್ಣಿಗಿಟ್ಟು ಬಂದ ಮನುಷ್ಯ ಮಗನ ಕೆಲಸಕ್ಕೆ ಹೇಳಿದ್ದು ಅಷ್ಟೇ. ಆ ವಾರವೇ ನೀನು ಚೀಲ ಕಟ್ಟಿದೆ. ನಾನು ನಿನ್ನನ್ನು ತಪ್ಪೆನ್ನಲಿಲ್ಲ, ಈಗಲೂ ಅನ್ನುವುದಿಲ್ಲ. ಕಲ್ಲು ಕೆತ್ತುವವರಿಗೆ ದುಃಖ ಬಂದರೆ ಅಳತೆ ಬಾಯಿಗೆ ಬರುತ್ತದೆ ಎಂದು ಅರ್ಥವಾಗಲು ನನಗೇ ಇಷ್ಟು ಕಾಲ ಬೇಕಾಯಿತು.

ಅಪ್ಪನನ್ನು ಮರುದಿನ ಕರೆದುಕೊಂಡು ಹೋದೆ. ಬರುವುದಿಲ್ಲ ಎಂದರು, ಆಮೇಲೆ ನನಗಿಂತ ಮೊದಲು ಚಪ್ಪಲಿ ಹಾಕಿಕೊಂಡು ನಿಂತಿದ್ದರು. ಎಂಜಿನಿಯರ್ ಅಷ್ಟರಲ್ಲಿ ಸಾಲಿಗೆ ಹಗ್ಗ ಕಟ್ಟಿಸಿ 'ಮುಟ್ಟಬಾರದು' ಎಂದು ಫಲಕ ಹಾಕಿಸಿದ್ದ. ಬೇಕರಿಯವಳು ಹಗ್ಗದ ಕೆಳಗೆ ನುಗ್ಗಿ ಒದ್ದೆ ಬಟ್ಟೆಯಿಂದ ರೊಟ್ಟಿ ಒರೆಸುತ್ತಿದ್ದಳು. "ನಮ್ಮತ್ತೆಯನ್ನ ನಾನು ಮುಟ್ಟದೆ ಇನ್ಯಾರು ಮುಟ್ತಾರೆ? ಬದುಕಿದ್ದಾಗ ಮುಟ್ಟೋಕೆ ಬಿಡ್ತಿರ್ಲಿಲ್ಲ, ಈಗಲಾದ್ರೂ ಮುಟ್ತೀನಿ" ಎಂದು ಎಂಜಿನಿಯರಿಗೆ ಹೇಳುತ್ತಿದ್ದಳು. ಅಪ್ಪ ನೇರ ಕಲ್ಲುಗಳ ಹತ್ತಿರ ಹೋದರು. ಮೊದಲ ಕಲ್ಲಿನಿಂದ ಶುರುಮಾಡಿ ಒಂದೊಂದರ ಮೇಲೂ ಹೆಬ್ಬೆರಳು ಎಳೆಯುತ್ತ ಬಂದರು, ಏಟಿನ ಆಳ ನೋಡುವ ಹಾಗೆ. ಹಲ್ಲಿನ ಲೋಟದ ಹತ್ತಿರ ಅವರ ಹೊಟ್ಟೆ ಕುಲುಕಿತು. ಕೆತ್ತಿದ ದಿನ ನಿನಗೆ ಬೈದಿದ್ದರಂತೆ. ಅಮ್ಮನ ಕಲ್ಲಿನ ಹತ್ತಿರ ಮೇಸ್ತ್ರಿ ಬಕೆಟ್ಟನ್ನು ಬೋರಲು ಹಾಕಿಕೊಟ್ಟ, ಅದರ ಮೇಲೆ ಕೂತರು. ದಾರ ಹಿಡಿದುಕೊಂಡು ಕೈ ಎಷ್ಟು ದೂರ ಹೋಗುತ್ತದೋ ಅಷ್ಟು ಹೋದರು. ಅವರ ಬೆರಳು ನಡುಗುತ್ತಿತ್ತು, ದಾರ ನಡುಗಲಿಲ್ಲ.

ಆಮೇಲೆ ಶುರುವಾಯಿತು ನೋಡು ಪಂಚಾಯಿತಿ. ಎಂಜಿನಿಯರಿಗೆ ಇದು ಹೀಗೇ ಇರಲಿ ಎಂದು ಆಸೆ. ಹೊರಗಿನಿಂದ ಜನ ಬರುತ್ತಾರೆ, ಟಿಕೆಟ್ ಇಡಬಹುದು, ಅಂತ. ಟಿಕೆಟ್ ಎಂಬ ಮಾತು ಬಂದ ಕೂಡಲೇ ನಾನು ಕಾರಂಜಿಯ ಆಮೆಯ ವಿಷಯ ಎತ್ತಿದೆ, ಅವನು ಆ ಮಾತು ಬಿಟ್ಟ. ಹೆಡ್ಮಾಸ್ಟರ ಮಗಳು ಹೆಸರು ಕಾಣದಿದ್ದರೆ ಹೇಗೆ ಎಂದಳು. ಗಡಿಯಾರದವರ ಮಗ ಅಪ್ಪನ ಹೆಸರು ನನಗೆ ಗೊತ್ತಿದೆ, ಗಡಿಯಾರ ಗೊತ್ತಿರಲಿಲ್ಲ, ಅದು ಕಾಣಲಿ ಎಂದ. ನಿಜ ಹೇಳುತ್ತೇನೆ, ನನ್ನ ಮನಸ್ಸೂ ಆ ಕಡೆಗೇ ಇತ್ತು. ನಿನ್ನ ಕೆಲಸ ಮತ್ತೆ ಕತ್ತಲಿಗೆ ಹೋಗುವುದು ನನಗೆ ಬೇಡವಾಗಿತ್ತು. ಆದರೆ ಬಿಸಿಲಿಗಿಟ್ಟರೆ ಅಪ್ಪನ ಅಕ್ಷರಗಳಿಗಾದದ್ದು ಇದಕ್ಕೂ ಆಗುತ್ತದೆ. ಆ ದಾರದ ಮೇಲೂ ಪಾಚಿ ಬರುತ್ತದೆ. ಎರಡು ದಿಕ್ಕಿಗೂ ಮನಸ್ಸು ಎಳೆದು ನಾನು ಬಾಯಿ ಮುಚ್ಚಿಕೊಂಡೆ, ಊರಿನವರು ಅದನ್ನೇ ಒಂದು ವಿಶೇಷವೆಂಬಂತೆ ನೋಡಿದರು.

ಎಲ್ಲರೂ ಅಪ್ಪನ ಕಡೆ ತಿರುಗಿದರು. ಅಪ್ಪ ಬಕೆಟ್ಟಿನ ಮೇಲೆ ಕೂತೇ ಹೇಳಿದರು: "ನನ್ನ ಕೇಳ್ಬೇಡಿ. ನಾನು ಹೆಸರು ಕೆತ್ತಿದವನು. ಹೆಸರು ನೀವೇ ಬರ್ಕೊಟ್ಟಿದ್ರಿ, ಅದನ್ನ ಯಾರಾದ್ರೂ ಕೆತ್ತಬಹುದು. ಬುಡಕ್ಕೆ ಏನು ಅಂತ ಯಾರೂ ಬರ್ಕೊಡಲ್ಲ. ಅದು ಅವನಿಗೆ ಮಾತ್ರ ಕಾಣ್ತಿತ್ತು, ಅದಕ್ಕೇ ಅವನನ್ನ ಅಲ್ಲಿಂದ ಏಳಿಸಲಿಲ್ಲ. ಅವನು ಬಂದು ಮೇಲಿಡಿ ಅಂದ್ರೆ ಮೇಲೆ. ಕೆಳಗಿಡಿ ಅಂದ್ರೆ ಕೆಳಗೆ." ಇಷ್ಟು ಉದ್ದ ಮಾತನ್ನು ಅಪ್ಪ ಒಂದೇ ಉಸಿರಿಗೆ ಆಡಿದ್ದು ನಾನು ಕೇಳಿಲ್ಲ. ಆ 'ಅದಕ್ಕೇ' ಎಂಬುದನ್ನು ನಿನಗೆ ಹೇಳಲು ಅವರಿಗೆ ನೀನು ಮನೆಯಲ್ಲಿದ್ದ ಅಷ್ಟೂ ವರ್ಷ ಸಾಕಾಗಲಿಲ್ಲ, ಊರಿನವರಿಗೆ ಬಕೆಟ್ಟಿನ ಮೇಲೆ ಕೂತು ಹೇಳಿದರು. ಮನೆಗೆ ಬರುವ ದಾರಿಯಲ್ಲಿ ಅದಕ್ಕಾಗಿ ಅವರಿಗೆ ಚೆನ್ನಾಗಿ ಬೈದೆ. ಕಿವಿ ಕೇಳದವರ ಹಾಗೆ ನಡೆದರು.

ಈಗ ಕಲ್ಲುಗಳನ್ನು ಮೇಸ್ತ್ರಿ ಮತ್ತೆ ಕಿತ್ತು ಹುಲ್ಲಿನ ಮೇಲೆ ಮಲಗಿಸಿದ್ದಾನೆ, ತಾಡಪಾಲು ಹೊದಿಸಿ. ಈ ಸಲ ಅಪ್ಪ ಎದುರಿಗಿದ್ದರು. ಯಾವ ಕಡೆ ಮೇಲೆ ಬಂದರೂ ಸರಿ, ಮಳೆ ಶುರುವಾಗುವ ಮೊದಲು ನೆಡಲೇಬೇಕು ಎನ್ನುತ್ತಾನೆ ಎಂಜಿನಿಯರ್. ಅಲ್ಲಿಯವರೆಗೆ ಕಲ್ಲು ಮುಟ್ಟುವುದಿಲ್ಲ ಎಂದು ಅವನಿಂದ ಬರೆಸಿಕೊಂಡಿದ್ದೇನೆ. ಊರೆಲ್ಲ ನೀನು ಬರುತ್ತೀಯ ಎಂದುಕೊಂಡಿದೆ. ಔಷಧಿ ಅಂಗಡಿಯವನು ದಾರಿಯಲ್ಲಿ ಕಂಡಾಗಲೆಲ್ಲ "ಬಂದ್ರಾ?" ಎಂದು ಕೇಳುತ್ತಾನೆ, ಅವನ ಅಮ್ಮನಿಗೂ ಒಂದು ಬೇಕಂತೆ. ಮೇಸ್ತ್ರಿಗೂ ನಿನ್ನನ್ನು ನೋಡಬೇಕಂತೆ. "ಆ ಹುಚ್ಚ ಯಾರು ಅಂತ ನೋಡೇ ಹೋಗ್ತೀನಿ" ಎನ್ನುತ್ತಾನೆ. ನಾನು ಫೋಟೋ ತೆಗೆದಿಲ್ಲ, ತೆಗೆದವರಿಗೂ ನಿನಗೆ ಕಳಿಸಬೇಡಿ ಎಂದು ತಾಕೀತು ಮಾಡಿದ್ದೇನೆ. ನೋಡಬೇಕಿದ್ದರೆ ಬಂದು ನೋಡು. ನಿನ್ನ ಹೋಟೆಲಿನ ಸಿಂಹದ ತಲೆಗಳು ಚೆನ್ನಾಗಿವೆ, ಕಳಿಸಿದ ಚಿತ್ರ ನೋಡಿದೆ. ಎಲ್ಲ ಒಂದೇ ಅಚ್ಚಿನ ಹಾಗೆ, ಅವರು ಬರೆದುಕೊಟ್ಟ ಸಿಂಹ. ಇನ್ನೇನೂ ಅನ್ನುವುದಿಲ್ಲ.

ಊಟ ಹೊತ್ತಿಗೆ ಸರಿಯಾಗಿ ಮಾಡು. ಕಷಾಯದ ಪುಡಿಯನ್ನು ಬೇರೆ ಕಟ್ಟಿ ಕಳಿಸುತ್ತೇನೆ, ಎಸೆಯಬೇಡ. ದೊಡ್ಡವಳು ಹೇಳುತ್ತಿದ್ದೇನೆಂದು ಬೇಡ, ಪುಸ್ತಕ ಓದಿ ಹೇಳಿದ ಅಕ್ಕ ಎಂದಾದರೂ ಮಾತು ಕೇಳು. ನಿನ್ನ ಕೈಗೆ, ಕಣ್ಣಿಗೆ, ಎದೆಗೆ ಒಳ್ಳೆಯದಾಗಲಿ.

ಇಂತಿ,
ನಿನ್ನ ಅಕ್ಕ
(ಪುರಸಭೆಯವರ ಅರ್ಜಿ ಟೀಚರ್)

ಮರೆತೆ. ಲಕೋಟೆ ಅಂಟಿಸುತ್ತಿದ್ದಾಗ ಅಪ್ಪ ಬಾಗಿಲಿಗೆ ಬಂದು "ಅವನಿಗಾ?" ಎಂದರು. ಹೌದೆಂದೆ. ಹೋದರು, ಮತ್ತೆ ಬಂದರು. "ದಾರದ ದಪ್ಪ ಸರಿಯಾಗೇ ಇತ್ತು ಅಂತ ಬರಿ" ಎಂದರು. ಬರೆದಿದ್ದೇನೆ. ಇನ್ನೊಂದು, ಇದನ್ನು ನಾನು ಹೇಳಿದೆನೆಂದು ಅವರಿಗೆ ಗೊತ್ತಾಗಬಾರದು: ಷೆಡ್ಡಿನ ಮೂಲೆಯಲ್ಲಿ ಗೋಣಿ ಹೊದಿಸಿದ ಕಲ್ಲೊಂದಿದೆ. ಅಪ್ಪ ಕೈ ನಡುಗುವ ಮೊದಲೇ ತಮ್ಮ ಹೆಸರು ಕೆತ್ತಿಟ್ಟುಕೊಂಡಿದ್ದಾರೆ. ಬುಡವನ್ನು ನಯ ಮಾಡಿ ಖಾಲಿ ಬಿಟ್ಟಿದ್ದಾರೆ. ಎಲ್ಲ ಕಲ್ಲಿಗಿಂತ ಒಂದು ಗೇಣು ಉದ್ದ ಇಟ್ಟಿದ್ದಾರೆ, ನಿನಗೆ ಜಾಗ ಸಾಲದೆ ಹೋದೀತೆಂದು. ಅವರಿರುವಾಗಲೇ ಬಾ.